ಮಗ್ಗ ನಿಲ್ಲದ ಮಧ್ಯಾಹ್ನ

ನಡೆದ ಅನ್ಯಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನೀಲಮ್ಮ ಎಂಬ ಹೆಣ್ಣುಮಗಳು, ಗಂಡ ತನ್ನನ್ನು ಹೊಡೆಯುತ್ತಾನೆಂಬ ಮಾತನ್ನು ಮನೋಚಿಕಿತ್ಸಾ ಕೇಂದ್ರವೊಂದರ ಸಮಾಲೋಚಕಿಯನ್ನು ನಂಬಿ ಹೇಳಿದಳು. ಆ ಮಾತು ಅದೇ ದಿನ ಗಂಡನ ಕಿವಿಗೆ ಬಿತ್ತು. ಹೀಗೆ ಹೇಳಿಕೊಂಡ ಹೆಂಗಸರಿಗೆ ಒಳ್ಳೆಯದಾಯಿತೇ ಎಂದು ಅಳೆಯಲು ಆಮೇಲೆ ಸಂಶೋಧಕರು ಬಂದರು. ಮನೆ ಬಿಟ್ಟು ಹೋಗಲು ಅವಳು ಗುಟ್ಟಾಗಿ ಹುಡುಕಿಕೊಂಡಿದ್ದ ದಾರಿಯನ್ನು ಅವಳ ಮನೆಯಲ್ಲೇ ಕೂತು ಬಾಯಿಬಿಟ್ಟು ಹೇಳಿಸಿದರು. ಅದೂ ಗಂಡನ ಕಿವಿಗೆ ಬಿತ್ತು. ಕೊನೆಗೆ ಅವಳು ಹೆದರಿ ಬಾಯಿ ಮುಚ್ಚಿಕೊಂಡಾಗ ಆ ಮೌನವನ್ನು ಗುಣವೆಂದು ಬರೆದುಕೊಂಡರು. ಕೇಂದ್ರದ ಹೆಸರನ್ನಾಗಲಿ ಸಂಶೋಧಕರ ಹೆಸರನ್ನಾಗಲಿ ನಾನು ಇಲ್ಲಿ ಎತ್ತುವುದಿಲ್ಲ. ಅವರಿಗೆ ತಮ್ಮ ಹೆಸರು ಗೊತ್ತಿದೆ. ನೀಲಮ್ಮ ಎಂಬುದೂ ನಾನು ಇಟ್ಟ ಹೆಸರೇ. ಅವಳ ನಿಜವಾದ ಹೆಸರನ್ನು ಕಾಗದದ ಮೇಲೆ ಬರೆಯಲು ಇಂದಿಗೂ ನನ್ನ ಕೈ ಏಳುವುದಿಲ್ಲ.

ಕಳೆದ ತಿಂಗಳು ನಾರಾಯಣಪೇಟೆಯ ನೇಕಾರರ ಓಣಿಗೆ ಹೋಗಿದ್ದೆ. ಓಣಿಯುದ್ದಕ್ಕೂ ಹಾಸುನೂಲನ್ನು ಬಿಗಿದು ಕಟ್ಟಿ ಗಂಜಿ ಹಚ್ಚುತ್ತಿದ್ದರು. ಹುಳಿಯೇರಿದ ಗಂಜಿ, ಒದ್ದೆ ಹತ್ತಿ, ಮೇಲೆ ಎಳೆ ಬಿಸಿಲು. ಬೇರೆಯವರಿಗೆ ಅದು ಹೊಸ ಸೀರೆಯ ವಾಸನೆ. ನಾನು ಮಾತ್ರ ಬೀದಿಯಲ್ಲೇ ಗೋಡೆ ಹಿಡಿದು ನಿಂತೆ. ನೀಲಮ್ಮನ ಮನೆಗೆ ಹೋಗಿಬರುತ್ತಿದ್ದ ಆ ಮಳೆಗಾಲ ಪೂರ್ತಿ ನಾನು ಉಸಿರಾಡಿದ್ದು ಆ ವಾಸನೆಯನ್ನೇ. ಹೆದರುವುದನ್ನು ಕಲಿತದ್ದೂ ಅದರೊಳಗೇ.

ಗಡಿಯಾಚೆ ತೆಲುಗು ಸೀಮೆಗೆ ಸೇರಿದ ಕೃಷ್ಣಾ ಮಂಡಲದ ಹೊಳೆಯಂಚಿನ ಹಳ್ಳಿಯೊಂದರಲ್ಲಿ ಕನ್ನಡ ಶಾಲೆಯ ಉಪಾಧ್ಯಾಯಿನಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಈಗ ಮಕ್ತಲದಲ್ಲಿ ಮಗಳ ಸಂಸಾರದ ಜೊತೆ ಇದ್ದೇನೆ. ಗದ್ವಾಲದಲ್ಲಿ ಮುಖ್ಯ ಕಚೇರಿಯಿದ್ದ ಆ ಕೇಂದ್ರದವರು ನಾರಾಯಣಪೇಟೆಯಲ್ಲಿ ವಾರಕ್ಕೊಮ್ಮೆ ಬಾಡಿಗೆ ಕೋಣೆಯಲ್ಲಿ ಕೂತು ಮನಸ್ಸಿನ ಕಾಯಿಲೆಗಳಿಗೆ ಔಷಧವನ್ನೂ ಸಲಹೆಯನ್ನೂ ಕೊಡುತ್ತಿದ್ದರು. ಅಲ್ಲಿಗೆ ಬಂದು ಗಂಡನ ಮನೆಯ ಹಿಂಸೆಯನ್ನು ಹೇಳಿಕೊಂಡ ಹೆಂಗಸರ ಕುರಿತು ಅಧ್ಯಯನವಾಗಬೇಕೆಂದು ಹೊರಗಿನಿಂದ ಒಂದು ತಂಡವನ್ನು ಕರೆಸಿದರು. ತಂಡದಲ್ಲಿ ಇಲ್ಲಿಯ ಕನ್ನಡವನ್ನು ಸರಿಯಾಗಿ ಬಲ್ಲವರಿರಲಿಲ್ಲ. ಯಾರೋ ನನ್ನ ಹೆಸರು ಹೇಳಿದ್ದರಿಂದ ಫೋನ್ ಬಂತು. ಆ ಕಡೆಯ ಧ್ವನಿ ನನ್ನನ್ನು ‘ಅಜ್ಜಿ’ ಎಂದು ಕರೆಯಿತು. ಶಾಲೆಯ ಮಕ್ಕಳು ಅಕ್ಕೋರು ಎಂದು ಕರೆದ ನನ್ನನ್ನು, ಮುಖವನ್ನೇ ನೋಡದವರು ಅಜ್ಜಿ ಎಂದರು. ಅದನ್ನು ಇಂದಿಗೂ ಮರೆತಿಲ್ಲ.

ಮೃಗಶಿರಾ ಮಳೆಯ ಮೊದಲ ಹನಿ ಬಿದ್ದ ವಾರ ಗದ್ವಾಲಕ್ಕೆ ಹೋದೆ. ಮೇಜಿನ ಸುತ್ತ ಕುರ್ಚಿಗಳಿದ್ದವು; ನನಗೆ ಬಾಗಿಲ ಬಳಿ ಪ್ಲಾಸ್ಟಿಕ್ ಸ್ಟೂಲು ಹಾಕಿದ್ದರು. ಬೇರೆ ಬೇರೆ ಕಡೆ ನಡೆದ ಸಂಶೋಧನೆಗಳ ಸಾರವನ್ನು ಯಾರೋ ಅವಸರದಲ್ಲಿ ಕನ್ನಡಕ್ಕೆ ಇಳಿಸಿದ್ದ ಕಟ್ಟೊಂದನ್ನು ಕೈಗಿಟ್ಟು, ತಂಡದ ಮುಖ್ಯಸ್ಥರು, “ಕಾಗುಣಿತ ನೋಡಿಕೊಡಿ ಸಾಕು” ಎಂದರು.

ಕಾಗುಣಿತ ನೋಡಿದೆ, ಒಳಗಿದ್ದುದನ್ನೂ ನೋಡಿದೆ. ಹೆಂಗಸರು ಯಾಕೆ ಹೇಳುವುದಿಲ್ಲ ಎಂಬುದಿತ್ತು: ನಾಚಿಕೆ, ಮಕ್ಕಳ ಚಿಂತೆ, ನಂಬಲಿಕ್ಕಿಲ್ಲವೆಂಬ ಅಳುಕು. ವೈದ್ಯರು ಯಾಕೆ ಕೇಳುವುದಿಲ್ಲ ಎಂಬುದಿತ್ತು: ಸಮಯವಿಲ್ಲ, ತರಬೇತಿಯಿಲ್ಲ, ಅದು ತಮ್ಮ ಕೆಲಸವಲ್ಲವೆಂಬ ಭಾವನೆ. ಮೆಲ್ಲಗೆ, ಮರ್ಯಾದೆಯಿಂದ ಕೇಳಿದರೆ ಹೇಳುತ್ತಾರೆ ಎಂಬುದೂ ಇತ್ತು. ಸುಳ್ಳೆಂದು ನಾನು ಹೇಳಲಾರೆ. ಆದರೆ ಆ ಕಟ್ಟಿನಲ್ಲಿದ್ದ ಒಂದೊಂದು ಸಾರವೂ ಹೆಂಗಸು ಕುರ್ಚಿಯಿಂದ ಎದ್ದ ಕ್ಷಣದಲ್ಲಿ ಮುಗಿದುಹೋಗುತ್ತಿತ್ತು. ಅವಳು ಯಾರ ಜೊತೆ ಬಂದಿದ್ದಳು, ಯಾರ ಜೊತೆ ಮನೆಗೆ ನಡೆದಳು, ಬಾಗಿಲು ಯಾರು ಹಾಕಿಕೊಂಡರು, ಇದು ಒಂದರಲ್ಲಿಯೂ ಇರಲಿಲ್ಲ. ಈ ಮಾತನ್ನು ಮುಖ್ಯಸ್ಥರ ಮುಂದೆ ಎತ್ತಿದೆ. “ಒಳ್ಳೆಯ ಅಭಿಪ್ರಾಯ” ಎಂದು ತಮ್ಮ ಫೋನನ್ನು ನೋಡಿಕೊಂಡರು.

ಮನೆಭೇಟಿಗಳು ಮೂರು ಎಂದು ಗೊತ್ತುಮಾಡಿದ್ದರು. ಮೊದಲನೆಯದು ಪರಿಚಯಕ್ಕೆ, ಎರಡನೆಯದು ಪ್ರಶ್ನೆಗಳಿಗೆ, ಮೂರನೆಯದು ಫಲವನ್ನು ನೋಡಲಿಕ್ಕೆ. ನನ್ನ ಜೊತೆಗೆ ಸೌಜನ್ಯ ಎಂಬ ಸಂಶೋಧಕಿ. ವಯಸ್ಸಿನಲ್ಲಿ ಸಣ್ಣವಳು, ತೆಲುಗು ಮಾತಿನವಳು, ಕನ್ನಡ ಅರ್ಧ ತಿಳಿಯುತ್ತಿತ್ತು. ಮನಸ್ಸು ಕೆಟ್ಟದ್ದಲ್ಲ. ಕೆಟ್ಟ ಮನಸ್ಸಿಲ್ಲದೆಯೂ ಎಂಥ ಕೇಡು ನಡೆಯಬಲ್ಲದು ಎಂಬುದನ್ನು ನಾನು ಆ ವರ್ಷ ನೋಡಿದೆ.

ನೇಕಾರರ ಓಣಿಯ ಆ ಮನೆಯ ಮುಂಗೋಣೆಯಲ್ಲಿ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಕಾರ ಕೂತಿದ್ದ. ಅವನೇ ಪಾಂಡುರಂಗ, ನೀಲಮ್ಮನ ಗಂಡ. ಕೈಮುಗಿದು, “ಬರ್ರಿ ಅಮ್ಮಾರ, ಹಿತ್ತಲದಾಗ ಅದಾಳ, ಹೋಗಿ ಮಾತಾಡ್ರಿ. ನನ್ನ ಕೆಲಸ ನನಗ” ಎಂದು ಲಾಳಿ ಎಸೆದ. ಅವನ ತಾಯಿ ತುಳಜಮ್ಮ ಹೊಸ್ತಿಲಲ್ಲಿ ಕೂತು ಎಲೆಯಡಿಕೆ ಕುಟ್ಟುತ್ತಿದ್ದಳು. ಹಿತ್ತಲಲ್ಲಿ ರಾಟೆಯ ಮುಂದೆ ಕೂತು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದವಳು ತಲೆಯೆತ್ತಿ, ಒಂದು ಗಳಿಗೆ ನೋಡಿ, ಎದ್ದು ನಿಂತಳು.

“ಅಕ್ಕೋರ! ನೀವೇನ್ರಿ?”

ನೀಲಮ್ಮ ನನ್ನ ಶಾಲೆಯ ಹುಡುಗಿ. ಕಿಟಕಿಯ ಪಕ್ಕ ಕೂತು, ಪದ್ಯ ಹೇಳೆಂದರೆ ಹೊಳೆಯ ಆಚೆ ದಡಕ್ಕೆ ಕೇಳುವಂತೆ ಕೂಗುತ್ತಿದ್ದವಳು. ಈಗ ಅವಳ ದನಿ ಕೇಳಲು ನಾನು ಮುಂದೆ ಬಾಗಬೇಕಾಯಿತು. ಕೈ ನಡುಗುತ್ತಿತ್ತು, ಎಳೆ ಮತ್ತೆ ಮತ್ತೆ ಕಡಿಯುತ್ತಿತ್ತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಮ್ಮನ್ನು ಕೂರಿಸಿ ಅವಳು ಹೇಳಿದ ಮೊದಲ ಮಾತೇ ಇದು:

“ಮಗ್ಗ ಬಡಿಯೋತನಕ ಮಾತಾಡ್ರಿ. ನಿಂತ್ರ ಸೀರಿ ಮಾತು ತೆಗೀರಿ. ಮತ್ತ ಬಡದ್ರ ಮತ್ತ ಕೇಳ್ರಿ.”

ಹೇಳಿ, ಸಣ್ಣಗೆ ನಕ್ಕಳು. “ಸಾಲ್ಯಾಗ ಮಾತಾಡಿದ್ರ ಬೆಂಚಿನ ಮ್ಯಾಲ ನಿಂದ್ರಸ್ತಿದ್ರಿ. ಈಗ ಮಾತಾಡು ಅಂತ ಇಷ್ಟು ದೂರ ಬಂದೀರಲ್ರಿ.”

ಸದ್ದು ನಾನೂ ಕೇಳಿಸಿಕೊಂಡೆ. ಎಳೆಗಳನ್ನು ಬಡಿದು ಕೂಡಿಸುವ ಹಣಿಗೆಯ ಎರಡು ಗಟ್ಟಿ ಹೊಡೆತ, ಒಂದು ಎಳೆದ ಮೆಲುಹೊಡೆತ, ಮತ್ತೆ ಎರಡು ಗಟ್ಟಿ. ಓಣಿಯಲ್ಲಿ ಮನೆಮನೆಗೂ ಮಗ್ಗವಿದ್ದರೂ ನೇಕಾರರ ಹೆಂಡಂದಿರು ತಮ್ಮವರ ಕೈಯನ್ನು ಕಿವಿಯಿಂದಲೇ ಗುರುತಿಸುತ್ತಾರೆ. ಯಾರ ಗಂಡ ಕೂತಿದ್ದಾನೆ, ಯಾರ ಗಂಡ ಬೀಡಿಗೆ ಎದ್ದಿದ್ದಾನೆ, ಯಾರು ಕುಡಿದು ತಪ್ಪಾಗಿ ಬಡಿಯುತ್ತಿದ್ದಾನೆ, ಒಲೆಯ ಮುಂದೆ ಕೂತೇ ಹೇಳುತ್ತಾರೆ. ಆ ಲೆಕ್ಕದ ಮೇಲೆಯೇ ಅವರ ದಿನ ಸಾಗುವುದು. ಕುಣಿಯಲ್ಲಿರುವ ಗಂಡಸು ಕುಣಿಯಲ್ಲಿದ್ದಾನೆ. ಅವನ ಎರಡು ಕೈಗೂ ಎರಡು ಕಾಲಿಗೂ ಕೆಲಸವಿದೆ.

ಆದ್ದರಿಂದಲೇ ನೀಲಮ್ಮ ಮಳೆಗೆ ಹೆದರುತ್ತಿದ್ದಳು. “ಮಳಿ ಜೋರಾದ್ರ ಕುಣಿಯಾಗ ನೀರು ಒಸರ್ತಾವ್ರಿ. ಮಗ್ಗ ಬಂದ್. ಊರೆಲ್ಲ ಮಳಿ ಬರ್ಲಿ ಅಂತ ಕೈ ಮುಗಿತೈತಿ. ನಾ ಮೋಡ ನೋಡಿದ್ರ ಇವತ್ತ ಬ್ಯಾಡಪ್ಪಾ ಅಂತೀನಿ. ಅವರ ಕೈ ಖಾಲಿ ಆಗ್ತಾವು.”

ಸಮಾಲೋಚಕಿಯ ಕೋಣೆಯಲ್ಲಿ ನಡೆದದ್ದನ್ನೂ ಅಂದೇ ಹೇಳಿದಳು. ಕೈನಡುಕದಿಂದ ಎಳೆ ಕಡಿದು ಕೆಲಸ ಕೆಡುತ್ತಿದೆಯೆಂದು ಕೇಂದ್ರದವರ ದವಾಖಾನೆಗೆ ಕರೆದುಕೊಂಡು ಹೋದವನು ಗಂಡನೇ. ಸಮಾಲೋಚಕಿ ಅವನನ್ನು ಹೊರಗೆ ಕಳಿಸಿ, ಕೈ ಹಿಡಿದುಕೊಂಡು, ಮನೆಯಲ್ಲಿ ಯಾರಾದರೂ ಹೊಡೆಯುತ್ತಾರೇನಮ್ಮ ಎಂದು ಕೇಳಿದಳಂತೆ.

“ಅಷ್ಟು ಮೆತ್ತಗ ನನ್ನ ಯಾರೂ ಕೇಳಿದ್ದಿಲ್ರಿ ಅಕ್ಕೋರ. ಎಲ್ಲಾ ಹೇಳಿಬಿಟ್ಟೆ. ಆಮ್ಯಾಲ ಆಕಿ ಎದ್ದು ಬಾಗ್ಲಾ ತೆಗದು, ಇವರನ್ನ ಒಳಗ ಕರದು, ‘ಹಿಂಗ ಹೇಳಾಕ ಹತ್ಯಾಳ, ಇನ್ನ ಮ್ಯಾಲ ಹಂಗ ಮಾಡಬ್ಯಾಡ್ರಿ, ಸಂಸಾರ ಚಂದ ನಡಸ್ರಿ’ ಅಂದ್ಲು. ಇವರು ಕೈ ಮುಗದ್ರು. ‘ತಪ್ಪಾತು ಮೇಡಂ’ ಅಂದ್ರು. ಆಕಿಗೆ ಭಾಳ ಖುಷಿ ಆತು.”

“ಮನೆಗೆ ಬಂದ ಮೇಲೆ?”

“ದಾರ್ಯಾಗ ಮಿರ್ಚಿ ಭಜಿ ಕೊಡಿಸಿದ್ರು. ‘ತಿನ್ನು’ ಅಂದ್ರು. ಅಷ್ಟ ಮಾತು. ಹತ್ತು ವರ್ಷದಾಗ ಒಮ್ಮೆಯೂ ಮಿರ್ಚಿ ಕೊಡಿಸಿದವರಲ್ಲ. ನುಂಗಾಕ ಆಗ್ಲಿಲ್ರಿ.” ಅವಳು ರಾಟೆಯ ಚಕ್ರವನ್ನು ಸುಮ್ಮನೆ ಒಂದು ಸುತ್ತು ತಿರುಗಿಸಿದಳು. ಕಿವಿಯ ಹಿಂದಿನಿಂದ ಕುತ್ತಿಗೆಗೆ ಇಳಿದಿದ್ದ ಕಲೆ ಸೆರಗಿನಂಚಿನಲ್ಲಿ ಕಾಣುತ್ತಿತ್ತು.

ಸೌಜನ್ಯ ನೀರು ಕುಡಿಯಲು ಎದ್ದಾಗ ನೀಲಮ್ಮ ನನ್ನ ಮೊಣಕಾಲನ್ನು ಮುಟ್ಟಿ ಉಳಿದ ಮಾತನ್ನು ಹೇಳಿದಳು. ಶುಕ್ರವಾರಗಳಂದು ಬಣ್ಣದ ಮನೆಯಿಂದ ಬಣ್ಣ ಹಾಕಿಸಿದ ನೂಲು ತರಲು ಅವಳೊಬ್ಬಳೇ ಹೋಗುತ್ತಾಳೆ. ಹೀಗೇ ಒಂದು ಶುಕ್ರವಾರ, ಮಗ್ಗಗಳು ನಡೆಯುತ್ತಿರುವಾಗಲೇ, ಅಲ್ಲಿಂದ ಮಕ್ತಲದ ಬಸ್ಸು ಹತ್ತುತ್ತಾಳೆ. ಮುಂದಕ್ಕೆ ಕೃಷ್ಣಾ ಕಡೆಗೆ, ಅಣ್ಣನ ಮನೆಗೆ. “ಮಕ್ತಲದಾಗ ನೀವು ನಿಂತಿದ್ರ ಧೈರ್ಯ ಆಗ್ತೈತ್ರಿ. ಒಬ್ಬಾಕಿ ಬಸ್ ಬದಲಿಸಾಕ ಕಾಲು ಬರಾಂಗಿಲ್ಲ.” ನಿಲ್ಲುತ್ತೇನೆ ಎಂದೆ, ದಿನವನ್ನು ಎರಡನೆಯ ಭೇಟಿಯಲ್ಲಿ ಸನ್ನೆಯಿಂದ ತಿಳಿಸಬೇಕೆಂದೂ, ಬೇರೆ ಯಾರಿಗೂ ಹೇಳಬಾರದೆಂದೂ ಹೇಳಿದೆ. ಠಾಣೆಗೆ ಹೋಗೋಣವೇ ಎಂದರೆ ಬೇಡವೆಂದು ತಲೆಯಾಡಿಸಿಬಿಟ್ಟಳು. “ಮೊದ್ಲು ಅಣ್ಣನ ಮನಿ ಮುಟ್ಟತೀನ್ರಿ.”

ಗದ್ವಾಲದಲ್ಲಿ ಎರಡನೆಯ ಭೇಟಿಯ ಪ್ರಶ್ನೆಗಳನ್ನು ಕೈಗೆ ಕೊಟ್ಟರು. ನಡುವೆ ಒಂದು ಪ್ರಶ್ನೆ: ಅಪಾಯದಿಂದ ಪಾರಾಗಲು ನಿಮ್ಮ ಬಳಿ ಯೋಜನೆ ಇದೆಯೇ? ಇದ್ದರೆ ವಿವರವಾಗಿ ಹೇಳಿ.

ನಾನು ಎದ್ದು ನಿಂತು ಹೇಳಿದೆ: ಇದನ್ನು ಅವರ ಮನೆಯೊಳಗೆ ಕೇಳಬಾರದು. ಕೇಳಲೇಬೇಕಿದ್ದರೆ ಹೊರಗೆ ಎಲ್ಲಾದರೂ, ಅವಳು ಆರಿಸಿದ ಜಾಗದಲ್ಲಿ ಕೇಳಬೇಕು. ಸಮಾಲೋಚಕಿ ಗಂಡನನ್ನು ಒಳಗೆ ಕರೆದ ಸಂಗತಿಯನ್ನೂ ಹೇಳಿದೆ. ಆ ಸಮಾಲೋಚಕಿ ಅಲ್ಲೇ ಕೂತಿದ್ದಳು. ಮುಖ ಕೆಂಪಗಾಯಿತು, “ಕುಟುಂಬವನ್ನೂ ಒಳಗೊಳ್ಳುವುದು ನಮ್ಮ ಪದ್ಧತಿ” ಎಂದಳು. ಮುಖ್ಯಸ್ಥರು ಕನ್ನಡಕ ತೆಗೆದು ನನ್ನ ಕಡೆ ನೋಡಿದರು.

“ಮಗ್ಗದ ಸದ್ದಿನಲ್ಲಿ ಯಾರಿಗೆ ಏನು ಕೇಳಿಸುತ್ತದೆ ಅಮ್ಮ? ಅದಕ್ಕಿಂತ ಖಾಸಗಿತನ ಬೇಕೇ? ಒಬ್ಬರಿಗೆ ಕೇಳಿ ಒಬ್ಬರಿಗೆ ಬಿಟ್ಟರೆ ಅಧ್ಯಯನಕ್ಕೆ ಬೆಲೆಯಿರುವುದಿಲ್ಲ. ನೀವು ಭಾಷೆ ನೋಡಿಕೊಳ್ಳಿ.”

ಮೇಜಿನ ಸುತ್ತ ಇದ್ದವರು ನಕ್ಕರು. ಯಾರು ಮೊದಲು ನಕ್ಕರು, ಯಾರು ಆಮೇಲೆ ನಕ್ಕರು, ಈಗಲೂ ಹೇಳಬಲ್ಲೆ.

ಎರಡನೆಯ ಭೇಟಿಯ ದಿನ ಮೋಡ ಕವಿದಿತ್ತು, ಮಳೆಯಿರಲಿಲ್ಲ. ಓಣಿಯ ಮಗ್ಗಗಳೆಲ್ಲ ನಡೆಯುತ್ತಿದ್ದವು. ಪಾಂಡುರಂಗ ಬಾಗಿಲಲ್ಲೇ ನಿಂತಿದ್ದ. “ಬರ್ರಿ ಅಕ್ಕೋರ” ಎಂದ. ಹಿಂದಿನ ಸಲ ಅಮ್ಮಾರು ಎಂದಿದ್ದವನು ಈ ಸಲ ಅಕ್ಕೋರು ಎಂದದ್ದನ್ನು ಗಮನಿಸಿದೆ. ಅವನ ಹೆಂಡತಿಗೆ ನಾನು ಯಾರೆಂಬುದು ಅವನಿಗೆ ಗೊತ್ತಾಗಿತ್ತು. ತುಳಜಮ್ಮ ಎಲೆಯಡಿಕೆಯ ಬಾಯಿ ಒರೆಸಿಕೊಂಡು, “ಅಕ್ಕೋರು ಸಾಲಿ ಬಿಟ್ರೂ ಹಾಜರಿ ತಗೊಳ್ಳೋ ಚಟ ಬಿಟ್ಟಿಲ್ಲ ನೋಡು. ಹೋಗ್ರಿ, ಹೋಗ್ರಿ, ನಿಮ್ಮ ಹುಡುಗಿ ಹಾಜರ್ ಅದಾಳ” ಎಂದು ನಕ್ಕಳು. ನಾವು ಹಿತ್ತಲಿಗೆ ಹೋದೆವು. ಹಿಂದೆಯೇ ಮಗ್ಗ ಶುರುವಾಯಿತು. ಎರಡು ಗಟ್ಟಿ, ಒಂದು ಮೆಲ್ಲಗೆ.

ನೀಲಮ್ಮ ಕಣ್ಣು ಮುಚ್ಚಿ ಒಂದಿಷ್ಟು ಹೊತ್ತು ಆಲಿಸಿದಳು. ಹೂಂ ಎಂಬಂತೆ ತಲೆಯಾಡಿಸಿದಳು.

ಸೌಜನ್ಯ ತೆಲುಗಿನಲ್ಲಿ ಕೇಳುತ್ತ ಹೋದಳು, ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಆ ಪ್ರಶ್ನೆ ಬಂತು. ನಾನು ಅದನ್ನು ಕನ್ನಡಕ್ಕೆ ತಿರುಗಿಸಲಿಲ್ಲ. “ಮುಂದಿನದಕ್ಕೆ ಹೋಗು” ಎಂದೆ. ಅವಳು, “ಬಿಡುವ ಹಾಗಿಲ್ಲ, ಸರ್ ಹೇಳಿದ್ದಾರೆ” ಎಂದು ನನ್ನನ್ನು ದಾಟಿ ನೀಲಮ್ಮನ ಕಡೆಗೇ ತಿರುಗಿದಳು. “ಚೆಪ್ಪಮ್ಮಾ, ಏಮನ್ನಾ ಪ್ಲಾನ್ ಉಂದಾ?” ಹೇಳಮ್ಮ, ಏನಾದರೂ ಯೋಜನೆ ಇದೆಯೇ ಎಂದು. ತೆಲುಗು ಬಾರದವರು ಈ ಸೀಮೆಯಲ್ಲಿ ಯಾರಿದ್ದಾರೆ? ಸೌಜನ್ಯ ಅವಳ ಕೈ ಹಿಡಿದುಕೊಂಡಿದ್ದಳು, ದನಿ ಮೆತ್ತಗಿತ್ತು. ನಾನು ಬೇಡವೆಂದು ಕಣ್ಣಿನಲ್ಲೇ ಸನ್ನೆ ಮಾಡಿದೆ. ಆದರೆ ಮುಂಗೋಣೆಯಲ್ಲಿ ಮಗ್ಗ ಸರಿಯಾದ ತಾಳದಲ್ಲಿ ಬಡಿಯುತ್ತಿತ್ತು. ನೀಲಮ್ಮ ನಂಬಿದ್ದು ಸೌಜನ್ಯಳನ್ನಲ್ಲ, ಆ ಸದ್ದನ್ನು.

“ಬರೋ ಶುಕ್ರವಾರ ಹೋಗ್ತೀನ್ರಿ,” ಎಂದಳು. “ಬಣ್ಣದ ಮನಿಗೆ ಅಂತ ಹೋಗಿ, ಅಲ್ಲಿಂದ ಮಕ್ತಲ್ ಬಸ್ ಹಿಡೀತೀನಿ. ಅಕ್ಕೋರು ಬಸ್ ಸ್ಟ್ಯಾಂಡಿನ್ಯಾಗ ಇರ್ತಾರ. ಅಲ್ಲಿಂದ ಅಣ್ಣನ ಮನಿಗೆ.”

ಸೌಜನ್ಯ ಬರೆದುಕೊಂಡಳು. ಮಗ್ಗ ಬಡಿಯುತ್ತಲೇ ಇತ್ತು. ಎರಡು ಗಟ್ಟಿ, ಒಂದು ಮೆಲ್ಲಗೆ.

ಹಿತ್ತಲ ಬಾಗಿಲ ಪರದೆ ಸರಿಯಿತು. ತಟ್ಟೆಯಲ್ಲಿ ಚಹಾದ ಲೋಟಗಳನ್ನು ಇಟ್ಟುಕೊಂಡು ಪಾಂಡುರಂಗ ಹೊರಗೆ ಬಂದ.

“ಚಾ ತಗೋರಿ ಅಕ್ಕೋರ.”

ಮಗ್ಗ ನಿಲ್ಲಲಿಲ್ಲ. ಅವನನ್ನು ಕಂಡದ್ದಕ್ಕಿಂತ ಅದು ನಿಲ್ಲದಿದ್ದುದಕ್ಕೇ ನನಗೆ ಹೆಚ್ಚು ಭಯವಾಯಿತು. ನೀಲಮ್ಮ ಗಂಡನ ಕಡೆ ನೋಡಲಿಲ್ಲ. ಸದ್ದು ಬರುತ್ತಿದ್ದ ಕಡೆ ನೋಡಿದಳು. ಮಗ್ಗ ಬಡಿಯುತ್ತಿದ್ದವಳು ಅವನ ತಾಯಿ ತುಳಜಮ್ಮ. ಮಗನಿಗೆ ಮಗ್ಗ ಕಲಿಸಿದ್ದು ಆ ಕೈ. ಅವನ ಎರಡು ಗಟ್ಟಿ ಹೊಡೆತ, ಒಂದು ಮೆಲುಹೊಡೆತ ಅವಳಿಂದ ಬಂದದ್ದು. ಮದುವೆಯಾಗಿ ಬಂದಾಗಿನಿಂದ ಅತ್ತೆ ಮಗ್ಗದಲ್ಲಿ ಕೂತದ್ದನ್ನು ನೀಲಮ್ಮ ನೋಡಿರಲಿಲ್ಲ. ಗಂಡನ ಕೈಯನ್ನು ಕಿವಿಯಲ್ಲೇ ಬಲ್ಲೆನೆಂದುಕೊಂಡಿದ್ದ ಹೆಣ್ಣು, ಆ ಕೈ ಎಲ್ಲಿಂದ ಬಂತೆಂದು ಕೇಳಿರಲಿಲ್ಲ. ಇಂಥ ತಪ್ಪು ನೇಕಾರರ ಓಣಿಯಲ್ಲಿ ಮಾತ್ರ ಆಗಬಲ್ಲದು.

“ಸಕ್ರಿ ಕಡಿಮಿ ಆಗೇತೇನ್ರಿ?” ಎಂದು ಅವನು ಕೇಳಿದ. ಲೋಟವನ್ನು ನಾನು ಕಲ್ಲಿನ ಮೇಲಿಟ್ಟೆ. ಸೌಜನ್ಯ ಮಾತ್ರ ಕುಡಿದು, ಚೆನ್ನಾಗಿದೆ ಎಂದಳು. ಅವಳಿಗೆ ಏನೂ ತಿಳಿದಿರಲಿಲ್ಲ. ಮಗ್ಗ ನಡೆಯುತ್ತಿರುವಾಗ ಅವನು ಇಲ್ಲಿ ಹೇಗೆ ನಿಂತಿದ್ದಾನೆ ಎಂದು ಅವಳಿಗೆ ಅನ್ನಿಸಲೇ ಇಲ್ಲ.

ನಮ್ಮನ್ನು ಬಸ್ ನಿಲ್ದಾಣದವರೆಗೆ ಬಿಟ್ಟುಬರುವುದಾಗಿ ಅವನೇ ಹೊರಟ. ದಾರಿಯುದ್ದಕ್ಕೂ ನೂಲಿನ ಮಾತು, ಈ ಸಲದ ಮಳೆಯ ಮಾತು. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಾಗ ಕೇಳಿದ: “ಅಕ್ಕೋರ, ಮಕ್ತಲದಾಗ ನಿಮ್ಮ ಮನಿ ಎಲ್ಲೈತ್ರಿ? ಮಗಳ ಜೋಡಿ ಇರ್ತೀರಂತಲ್ಲ?”

ನಾನು ಮೆಟ್ಟಿಲು ಹತ್ತಿಬಿಟ್ಟೆ. ಅವನು ನಕ್ಕ. “ಇರ್ಲಿ ಬಿಡ್ರಿ. ಕೇಳಿದ್ರ ಯಾರರ ಹೇಳ್ತಾರ.”

ಬಸ್ಸಿನಲ್ಲೇ ಮುಖ್ಯಸ್ಥರಿಗೆ ಫೋನ್ ಮಾಡಿ ನಡೆದುದನ್ನೆಲ್ಲ ಹೇಳಿದೆ. ಅವಳನ್ನು ಇವತ್ತೇ ಅಲ್ಲಿಂದ ಕರೆತರಬೇಕು, ಕೇಂದ್ರದ ಗಾಡಿ ಕಳಿಸಿ ಎಂದು ಬೇಡಿಕೊಂಡೆ. ಬೇಡಿಕೊಳ್ಳುವುದು ನನ್ನ ಅಭ್ಯಾಸವಲ್ಲ. ಅವರೆಂದರು: “ನಾವು ನೋಡುವವರು, ನಡುವೆ ಕೈ ಹಾಕುವವರಲ್ಲ. ಕೈ ಹಾಕಿದರೆ ಅಧ್ಯಯನದ ಅರ್ಥವೇ ಹೋಗುತ್ತದೆ. ಕೇಂದ್ರಕ್ಕೆ ತಿಳಿಸುತ್ತೇನೆ.” ಕೇಂದ್ರಕ್ಕೆ ನಾನೂ ಫೋನ್ ಮಾಡಿದೆ. ಸಮಾಲೋಚಕಿ ಬರುವ ವಾರದ ಸರದಿಯಲ್ಲಿ ನೋಡುತ್ತೇನೆಂದಳು.

ಶುಕ್ರವಾರ ಮಕ್ತಲದ ನಿಲ್ದಾಣದಲ್ಲಿ ಬೆಳಗ್ಗೆಯಿಂದ ನಿಂತೆ. ಬರಲಾರಳೆಂದು ಬುದ್ಧಿಗೆ ಗೊತ್ತಿತ್ತು. ಆದರೂ ನಾರಾಯಣಪೇಟೆಯಿಂದ ಬಂದ ಒಂದೊಂದು ಬಸ್ಸಿನ ಬಾಗಿಲಿನಲ್ಲೂ ಇಳಿದವರ ಮುಖಗಳನ್ನು ನೋಡಿದೆ. ಮಧ್ಯಾಹ್ನ ದೊಡ್ಡ ಮಳೆ ಹಿಡಿಯಿತು. ನಿಲ್ದಾಣದ ತಗಡಿನ ಮೇಲೆ ಬೀಳುತ್ತಿದ್ದ ಆ ಮಳೆಯನ್ನು ನಾನು ಎಂದೂ ಮರೆಯಲಾರೆ. ರೈತರು ಮುಖದ ನೀರು ಒರೆಸಿಕೊಳ್ಳುತ್ತ ನಗುತ್ತಿದ್ದರು, ಹತ್ತಿಗೆ ಒಳ್ಳೆಯದಾಯಿತು ಎನ್ನುತ್ತಿದ್ದರು. ನಾನು ಕಂಬ ಹಿಡಿದು ನಿಂತು ಆ ಮುಂಗೋಣೆಯ ಕುಣಿಯಲ್ಲಿ ನೀರು ಒಸರುವುದನ್ನೇ ಕಾಣುತ್ತಿದ್ದೆ. ಓಣಿಯ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿರಬೇಕು.

ಮರುದಿನ ಅವಳ ಅಣ್ಣನನ್ನು ಕರೆದುಕೊಂಡು ಹೋದೆ. ಓಣಿಯಲ್ಲಿ ಸದ್ದಿರಲಿಲ್ಲ. ತುಳಜಮ್ಮ ಬಾಗಿಲಿಗೆ ಅಡ್ಡ ನಿಂತು, “ಬೀಗರು ಬಂದ್ರು! ಅಕ್ಕೋರೂ ಬಂದ್ರು! ಇನ್ನ ಪೂರಾ ಸಾಲೀನ ಬರೋದೈತೇನು?” ಎಂದಳು. ಆಮೇಲೆ ನೀಲಮ್ಮ ಹೊರಗೆ ಬಂದಳು. ಎಡಗೈಯನ್ನು ಅರಿಶಿನ ಹಚ್ಚಿದ ಬಟ್ಟೆಯಿಂದ ಎದೆಗೆ ಕಟ್ಟಿಕೊಂಡಿದ್ದಳು.

“ಕುಣಿಯಾಗ ಕಾಲು ಜಾರಿ ಬಿದ್ದೆ” ಎಂದಳು, ಅಣ್ಣನಿಗೆ. ನನ್ನ ಕಡೆ ನೋಡಲಿಲ್ಲ.

ಅಣ್ಣ ಅವಳನ್ನು ನೋಡಿದ, ಪಾಂಡುರಂಗನನ್ನು ನೋಡಿದ, ಅವನು ಹಾಕಿದ ಚಾಪೆಯ ಮೇಲೆ ಕೂತ. ಉಂಡ. ವಾಪಸು ಬರುವಾಗ ನನಗೆ ಹೇಳಿದ: “ಆಕೀನ ಬಿದ್ದೆ ಅಂದ್ಮ್ಯಾಲ ನಾ ಏನ್ ಮಾಡ್ಲಿರಿ ಅಕ್ಕೋರ? ಬರ್ತೀಯೇನು ಅಂತ ಕೇಳಿದೆ. ಒಲ್ಲೆ ಅಂದ್ಲು.” ಕೇಳಿದ್ದನೆಂಬುದು ನಿಜ. ಪಾಂಡುರಂಗನ ಎದುರಿಗೇ ಕೇಳಿದ್ದ.

ದಸರೆ ಮುಗಿದ ಮೇಲೆ ಮೂರನೆಯ ಭೇಟಿ. ನನ್ನನ್ನು ಬಿಟ್ಟು ಹೋಗಲು ಹವಣಿಸಿದ್ದರು. ಕನ್ನಡಕ್ಕೆ ಬೇರೆ ಜನ ಸಿಗಲಿಲ್ಲ. ಮಳೆ ಬಿಟ್ಟಿತ್ತು, ಕುಣಿಗಳು ಒಣಗಿದ್ದವು, ಓಣಿ ತುಂಬ ಸದ್ದು. ನಾವು ಹಿತ್ತಲಿಗೆ ಹೋದಾಗ ಮುಂಗೋಣೆಯ ಮಗ್ಗ ಬಡಿಯುತ್ತಿತ್ತು, ಎರಡು ಗಟ್ಟಿ, ಒಂದು ಮೆಲ್ಲಗೆ. ಬರುವಾಗ ಕುಣಿಯಲ್ಲಿ ಪಾಂಡುರಂಗ ಕೂತಿದ್ದನ್ನು ಕಣ್ಣಾರೆ ಕಂಡಿದ್ದೆ. ಆದರೆ ಬಾಗಿಲು ದಾಟಿದ ಮೇಲೆ ಆ ಸದ್ದು ನನಗೆ ಏನನ್ನೂ ಹೇಳಲಿಲ್ಲ. ಪರದೆ ಗಾಳಿಗೆ ಅಲುಗಿದಾಗಲೆಲ್ಲ ಅದರ ಕೆಳಗೆ ಕಾಲು ಕಾಣುತ್ತದೆಯೇ ಎಂದು ನೋಡುತ್ತಿದ್ದೆ.

ಸೌಜನ್ಯ ಕೇಳಿದಳು: ಗಂಡ ಹೊಡೆಯುತ್ತಾನೆಯೇ?

“ಏನಿಲ್ರಿ.”

ಮೊದಲು ಹೊಡೆಯುತ್ತಿದ್ದನಲ್ಲ?

“ಏನಿಲ್ರಿ. ಆವಾಗ ತಲಿ ಸರಿ ಇದ್ದಿಲ್ಲ, ಏನೇನೋ ಹೇಳೀನಿ.”

ಮನೆ ಬಿಡುವ ಯೋಚನೆ?

“ಏನಿಲ್ರಿ.”

ಅವಳ ಕೈ ನಡುಗುತ್ತಿರಲಿಲ್ಲ. ಎಳೆ ಒಮ್ಮೆಯೂ ಕಡಿಯಲಿಲ್ಲ. ಸೌಜನ್ಯ ಬರೆದುಕೊಂಡು, ಹೊರಗೆ ಬಂದ ಮೇಲೆ, “ಎಷ್ಟು ಸುಧಾರಿಸಿದ್ದಾಳೆ ನೋಡಿ ಅಮ್ಮ” ಎಂದಳು. ಆ ಹುಡುಗಿಯ ಮೇಲೆ ಸಿಟ್ಟಾಗಲು ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ. ಓಣಿಯ ತಿರುವಿನವರೆಗೂ ನಾನು ಹಿಂದೆ ತಿರುಗಿ ನೋಡುತ್ತಲೇ ನಡೆದೆ.

ಗದ್ವಾಲದ ಸಭೆಯಲ್ಲಿ ಫಲಿತಾಂಶ ಹೇಳಿದರು. ಪರದೆಯ ಮೇಲೆ ಅಂಕಿಅಂಶದ ಬಣ್ಣದ ಕಂಬಗಳು. ಸಮಾಲೋಚಕರ ಬಳಿ ಹೇಳಿಕೊಂಡ ಹೆಂಗಸರಲ್ಲಿ ಹಿಂಸೆ ತಗ್ಗಿದೆ ಎಂದರು. ಹೆಸರಿಲ್ಲದೆ ಉದಾಹರಣೆಯೊಂದನ್ನೂ ಕೊಟ್ಟರು: ನೇಕಾರ ಕುಟುಂಬದ ಮಹಿಳೆ, ಕೈನಡುಕದೊಂದಿಗೆ ಬಂದವಳು, ಗಂಡನ ಜೊತೆಗಿನ ಮಾತುಕತೆಯ ನಂತರ ನಡುಕ ನಿಂತಿದೆ, ಹಿಂಸೆಯೂ ನಿಂತಿದೆ ಎಂದು ತಾನೇ ಹೇಳಿದ್ದಾಳೆ. ಚಪ್ಪಾಳೆಯಾಯಿತು. ನಾನು ಎದ್ದೆ. ಅದು ಗುಣವಲ್ಲ, ಹೆದರಿಕೆ, ಎಂದೆ. ಮಗ್ಗದ ಸಂಗತಿಯನ್ನು ಹೇಳತೊಡಗಿದೆ. ಹೇಳಿಕೊಂಡದ್ದರ ಫಲವನ್ನು ಅಳೆಯುವವರು, ಹೇಳಿದ ಮಾತು ಯಾರ ಕೈಗೆ ಸೇರಿತೆಂದು ಮೊದಲು ಅಳೆಯಬೇಕು ಎಂದೆ. ಮುಖ್ಯಸ್ಥರು ಗಡಿಯಾರ ತೋರಿಸಿದರು. “ಭಾಗವಹಿಸಿದವರ ಮಾತನ್ನು ನಾವು ಗೌರವಿಸಬೇಕಲ್ಲವೇ? ಅವರೇ ಇಲ್ಲವೆಂದ ಮೇಲೆ ಇದೆ ಎನ್ನಲು ನಾವು ಯಾರು?” ಮತ್ತೆ ಚಪ್ಪಾಳೆ. ಅಚ್ಚಾದ ವರದಿಯಲ್ಲಿ ಕೃತಜ್ಞತೆಯ ಕೊನೆಯ ಸಾಲಿನಲ್ಲಿ ‘ಸ್ಥಳೀಯ ವೃದ್ಧೆಯೊಬ್ಬರು’ ಎಂದಿತ್ತು. ಅವರು ನನ್ನ ಹೆಸರನ್ನು ಬಿಟ್ಟದ್ದು ಒಳ್ಳೆಯದೇ ಆಯಿತು. ಆ ಪುಸ್ತಕದಲ್ಲಿ ನನ್ನ ಹೆಸರಿರಬಾರದು.

ಮಕ್ತಲಕ್ಕೆ ಮರಳಿದ ಮೇಲೆಯೂ ಭಯ ಹೋಗಲಿಲ್ಲ. ಬಾಗಿಲು ಬಡಿದರೆ ಮಗಳನ್ನು ತಡೆದು ಕಿಟಕಿಯಿಂದ ಮೊದಲು ನೋಡುತ್ತಿದ್ದೆ. ಒಂದು ಸಲ ಸಂತೆಯ ದಿನ ಎದುರು ಮನೆಯ ಕಟ್ಟೆಯ ಮೇಲೆ ಪಾಂಡುರಂಗ ಕೂತಿದ್ದ. ಕೈಮುಗಿದ. ಸಂಜೆಗೆ ಎದ್ದು ಹೋದ. ಆಮೇಲೆ ಆ ಓಣಿಗೆ ಹೋಗುವ ಧೈರ್ಯ ನನಗಾಗಲಿಲ್ಲ; ಹೋದರೆ ಪೆಟ್ಟು ಯಾರಿಗೆ ಬೀಳುವುದೆಂದು ಗೊತ್ತಿತ್ತು. ಇಷ್ಟು ದಿನ ಇದನ್ನು ಬರೆಯದೆ ಇದ್ದದ್ದಕ್ಕೂ ಅದೇ ಕಾರಣ.

ಕಳೆದ ತಿಂಗಳು ಮಾತ್ರ ಮನಸ್ಸು ತಡೆಯಲಿಲ್ಲ, ಹೋದೆ. ಗಂಜಿಯ ವಾಸನೆಯ ನಡುವೆ ಆ ಮನೆಯ ಮುಂದೆ ನಿಂತಾಗ ಬಾಗಿಲು ತೆರೆದಿತ್ತು. ಒಳಗೆ ಬೇರೆ ಸಂಸಾರ. ಕುಣಿಯನ್ನು ಮಣ್ಣು ತುಂಬಿ ಮುಚ್ಚಿ, ಮೇಲೆ ಸಿಮೆಂಟು ಬಳಿದು, ಅಕ್ಕಿಮೂಟೆ ಇಟ್ಟಿದ್ದರು. ಪಕ್ಕದ ಮನೆಯ ಹೆಂಗಸು ನನ್ನನ್ನು ಗುರುತು ಹಿಡಿದಳು.

“ಅವರು ಸೋಲಾಪುರದ ಕಡೆ ಹೋದ್ರಂತರಿ. ಅಲ್ಲಿಂದ ಎಲ್ಲಿಗೋ, ಯಾರಿಗೂ ಮಾಲೂಮಿಲ್ಲ. ಸಾಮಾನೆಲ್ಲಾ ಟೆಂಪೋದಾಗ ಹಾಕ್ಕೊಂಡು ಹೋದ್ರು.”

“ನೀಲಮ್ಮ?”

“ಇದ್ಲು ಇದ್ಲು. ಅತ್ತಿ ಬಾಜೂಕ ಕುಂತಿದ್ಲು. ನನ್ನ ಕರದು, ಅಕ್ಕೋರೇನರ ಬಂದ್ರ ಹೇಳು ಅಂದ್ಲು.”

“ಏನು ಹೇಳು ಅಂದಳು?”

ಆ ಹೆಂಗಸು ನೂಲಿನ ಕಡೆ ತಿರುಗಿಕೊಂಡಳು. “‘ಏನಿಲ್ಲ ಅಂತ ಹೇಳು’ ಅಂದ್ಲು. ಅಷ್ಟ ನೋಡ್ರಿ. ಪಾಂಡು ಅಲ್ಲೇ ನಿಂತಿದ್ದ.”

ಅವಳ ಅಣ್ಣನಿಗೂ ವಿಳಾಸ ಗೊತ್ತಿಲ್ಲ. ಫೋನ್ ನಂಬರು ಬದಲಾಗಿದೆ. ಅಣ್ಣನನ್ನು ಜೊತೆಗೆ ಕೂರಿಸಿಕೊಂಡು ಈ ಸಲ ಠಾಣೆಗೆ ಹೋಗಿ ಬರೆದುಕೊಟ್ಟು ಬಂದಿದ್ದೇನೆ, ಹುಡುಕುತ್ತೇವೆ ಎಂದಿದ್ದಾರೆ. ಅವಳು ಇದ್ದಾಳೆ ಎಂದೇ ನಾನು ನಂಬಿದ್ದೇನೆ. ಬೇರೆ ಯಾವುದೋ ಊರಿನಲ್ಲಿ, ಕುಣಿ ಒಣಗಿರಲಿ ಎಂದು ಆಕಾಶವನ್ನು ನೋಡುತ್ತ, ಎಳೆ ಕಡಿಯದಂತೆ ಕಂಡಿಕೆ ಸುತ್ತುತ್ತ ಇದ್ದಾಳೆ. ಆದರೆ ಆ ವರದಿಯಲ್ಲಿ ಅವಳು ಇವತ್ತಿಗೂ ಗುಣವಾದವಳು. ಆ ಬಣ್ಣದ ಕಂಬದಲ್ಲಿ ಅವಳೂ ಒಂದು ಇಟ್ಟಿಗೆ. ಅದನ್ನು ಓದಿ ಇನ್ನೊಂದು ಊರಿನಲ್ಲಿ ಇನ್ನೊಬ್ಬ ಸಮಾಲೋಚಕಿ ಬಾಗಿಲು ತೆರೆದು ಇನ್ನೊಬ್ಬ ಗಂಡನನ್ನು ಒಳಗೆ ಕರೆಯುತ್ತಿರಬಹುದು ಎಂಬ ಯೋಚನೆಯಿಂದ ನನಗೆ ನಿದ್ದೆ ಬರುವುದಿಲ್ಲ.

ಆದ್ದರಿಂದ, ಮೇಜಿನ ಸುತ್ತ ಕೂತು ನಕ್ಕವರೇ, ಬಾಗಿಲು ತೆರೆದು ಅವನನ್ನು ಒಳಗೆ ಕರೆದವಳೇ, ಅವಳ ಮಾತನ್ನು ಗೌರವಿಸುತ್ತೇವೆಂದು ಚಪ್ಪಾಳೆ ಗಿಟ್ಟಿಸಿದವರೇ, ನಿಮ್ಮನ್ನು ಕೇಳುವುದು ಇಷ್ಟೇ: ನೀಲಮ್ಮ ‘ಏನಿಲ್ರಿ’ ಎಂದಾಗ ಮಗ್ಗದಲ್ಲಿ ಯಾರು ಕೂತಿದ್ದಾರೆ, ಪರದೆಯ ಹಿಂದೆ ಯಾರು ನಿಂತಿದ್ದಾರೆ ಎಂದು ನಿಮ್ಮಲ್ಲಿ ಒಬ್ಬರಾದರೂ ಎದ್ದು ಹೋಗಿ ನೋಡಿದಿರಾ?